ಬೋಧಿಸತ್ವನ ಕೆಂಪು ಬಟ್ಟೆ

ಬಹಳ ಹಿಂದೆ, ಮಿತಾಮಾ ರಾಜ್ಯದ ರಾಜಧಾನಿಯಲ್ಲಿ ಸಾವಿರ ಗುಡಿಗಳಿದ್ದ ಕಾಲದಲ್ಲಿ, ಚೆರಿ ಹೂ ಉದುರುವ ವಾರ ಇದು ನಡೆಯಿತು.

ಆ ನಗರದಲ್ಲಿ ಕಿನುಯೊ ಎಂಬ ಹೆಂಗಸು ಹಾಡುತ್ತಾ ಬಟ್ಟೆ ಹೊಲಿಯುತ್ತಿದ್ದಳು. ಸೊಗೆನ್ ಎಂಬ ಮಾಂತ್ರಿಕ ಅವಳ ದನಿಯನ್ನು ಸೋರೆಬುರುಡೆಯಲ್ಲಿ ತುಂಬಿಕೊಂಡು ಹೋದ. ಅಂದಿನಿಂದ ಅವಳು ಸೂಜಿ ಮುಟ್ಟಲಿಲ್ಲ. ಅನ್ನವನ್ನೂ ಮುಟ್ಟಲಿಲ್ಲ.

ಮಗಳು ತೊಮೊಯೆ ಮಾಂತ್ರಿಕನ ಬಾಗಿಲು ಬಡಿದಳು. "ಅಮ್ಮನ ದನಿ ಕೊಡು."

"ಕೊಡೋಣ. ನಾನು ಹೇಳಿದ ಮೂರು ಕಡೆ ಹೋಗಿ ಸೂರ್ಯ ಮುಳುಗುವುದರೊಳಗೆ ನಮಸ್ಕಾರ ಮಾಡು. ತಪ್ಪು ನಮಸ್ಕಾರಕ್ಕೆ ಅಲ್ಲಿನ ಒಬ್ಬ ದೇವರು ಮುನಿದರೂ ದನಿ ನನ್ನದೇ."

"ಇಷ್ಟೇನಾ?"

"ಇಷ್ಟೇ, ಜಾಣೆ."

ಅಮ್ಮ ಕಲಿಸಿದ್ದು ತೊಮೊಯೆಗೆ ನೆನಪಿತ್ತು. ನಾಡದೇವತೆಗಳಿರುವ ಶಿಂತೊ ಮಂದಿರದಲ್ಲಿ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಬೇಕು. ಬುದ್ಧನ ಗುಡಿಯಲ್ಲಿ ಸುಮ್ಮನೆ ಕೈಮುಗಿಯಬೇಕು. ಅಲ್ಲಿ ಚಪ್ಪಾಳೆ ಕೂಡದು.

ಮೊದಲನೆಯದು ನರಿಗಳ ಶಿಂತೊ ಮಂದಿರ. ಅವಳು ಎಡಗೈ ತೊಳೆದು, ಬಲಗೈ ತೊಳೆದು, ಬಾಗಿ, ಚಪ್ಪಾಳೆ ತಟ್ಟಿ, ಮತ್ತೆ ಬಾಗಿದಳು. ಕಲ್ಲುನರಿ ಬಾಲ ಆಡಿಸಿ, "ಮುನಿದಿಲ್ಲ, ಹೋಗು" ಎಂದಿತು.

ಎರಡನೆಯದರ ಮುಂದೆ ಶಿಂತೊ ಮಂದಿರಗಳಿಗಿರುವಂಥದೇ ಕೆಂಪು ಕಮಾನು. ತೊಮೊಯೆ ಚಪ್ಪಾಳೆಗೆ ಕೈ ಎತ್ತಿದಳು. ಊದುಬತ್ತಿಯ ವಾಸನೆ ಬಂತು. ಶಿಂತೊ ಮಂದಿರದಲ್ಲಿ ಊದುಬತ್ತಿ ಹಚ್ಚುವುದಿಲ್ಲ. ಅವಳು ಸದ್ದಿಲ್ಲದೆ ಕೈಮುಗಿದಳು. ಮಾಂತ್ರಿಕನ ಕಮಾನು ಹೊಗೆಯಾಗಿ ಹೋಯಿತು. ಒಳಗಿನ ಗಂಟೆ, "ಮುನಿದಿಲ್ಲ, ಹೋಗು" ಎಂದಿತು.

ಮೂರನೆಯದು ಓಣಿಯ ಕೊನೆಯ ಪುಟ್ಟ ಗುಡಿ. ಪರದೆ ಮುಚ್ಚಿತ್ತು. ಸೂರ್ಯ ಸೂರುಗಳಿಗೆ ತಾಗಿದ್ದ. ಬಾಗಿಲಿಗೆ ಶಿಂತೊ ಮಂದಿರದ ಹುಲ್ಲುಹಗ್ಗವಿತ್ತು, ಬಿಳಿ ಕಾಗದವಿತ್ತು. ಅವಳು ಮೂರು ಸಲ ಮೂಸಿದಳು. ಊದುಬತ್ತಿ ಇಲ್ಲ. ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿದಳು.

ಪರದೆ ಸರಿಯಿತು. ಒಳಗೆ ಕೆಂಪು ಎದೆಬಟ್ಟೆ ಕಟ್ಟಿದ್ದ ಗೇಣುದ್ದದ ಕಲ್ಲಿನ ಬೋಧಿಸತ್ವ. ಅದು ಬುದ್ಧನ ಗುಡಿ! ಹಗ್ಗ ಕಟ್ಟಿದ್ದೂ ಊದುಬತ್ತಿಯ ಬೂದಿ ಗುಡಿಸಿದ್ದೂ ಮಾಂತ್ರಿಕನೇ.

"ಚಪ್ಪಾಳೆ ತಟ್ಟಿಬಿಟ್ಟೆಯಲ್ಲೇ! ಅದೂ ಎರಡು!" ಸೊಗೆನ್ ಸೂರಿನ ಮೇಲೆ ಕುಳಿತು ನಕ್ಕ.

ತೊಮೊಯೆ ನೆಲಕ್ಕೆ ಹಣೆ ಹಚ್ಚಿದಳು. "ಸ್ವಾಮಿ, ಯೋಚಿಸಿಯೂ ತಪ್ಪಿದೆ."

"ಇದಕ್ಕೆ ಯಾಕೆ ಮುನಿಯಲಿ, ಮಗಳೇ?" ಎಂದ ಬೋಧಿಸತ್ವ. "ಬೆಳಗಿನಿಂದ ಗುಬ್ಬಚ್ಚಿಗಳು ನನ್ನ ತಲೆಯ ಮೇಲೆ ಜಗಳವಾಡಿವೆ. ಅವಕ್ಕೂ ಮುನಿದಿಲ್ಲ. ಈ ಬಟ್ಟೆ ನಿಮ್ಮಮ್ಮ ಹೊಲಿದದ್ದು. ಪ್ರತಿ ವಸಂತಕ್ಕೂ ಹೊಸದು ತಂದು, ಹಾಡುತ್ತಾ ಕಟ್ಟುತ್ತಾಳೆ. ಈ ವರ್ಷ ಬರಲಿಲ್ಲ. ಕಾಯುತ್ತಿದ್ದೆ."

ಮೂವರಲ್ಲಿ ಒಬ್ಬರೂ ಮುನಿಯಲಿಲ್ಲ. ಮಾಂತ್ರಿಕನ ಸೊಂಟದ ಸೋರೆಬುರುಡೆ ಒಡೆಯಿತು. ಸೊಗೆನ್‌ನ ಮಂತ್ರಗಳೂ ಅದರೊಂದಿಗೆ ಹೋದವು. ಅವನು ಏಣಿ ಬೇಡಿ ಕೆಳಗಿಳಿದು, ಊರು ಬಿಟ್ಟ.

ತೊಮೊಯೆ ಮನೆ ಸೇರುವಾಗ ಹಾಡು ಬೀದಿಗೆ ಕೇಳುತ್ತಿತ್ತು.

"ಎಲ್ಲಿ ಹೋಗಿದ್ದೆ? ಕೈ ತೊಳೆದುಕೋ, ಅನ್ನ ಹಾಕುತ್ತೇನೆ," ಎಂದಳು ಅಮ್ಮ. ತಾನೂ ಬಟ್ಟಲು ತೆಗೆದುಕೊಂಡಳು.

ಮರುದಿನ ಇಬ್ಬರೂ ಹೊಸ ಬಟ್ಟೆ ಕಟ್ಟಿಬಂದರು. ಆಮೇಲೆ ಬಹುಕಾಲ ಸುಖವಾಗಿದ್ದರು. ಆ ಓಣಿಯವರು ಮಾತ್ರ ಈಗಲೂ ಬೋಧಿಸತ್ವನಿಗೆ ಚಪ್ಪಾಳೆ ತಟ್ಟುತ್ತಾರೆ. ಎರಡು ಸಲ.