ಏರಿಸಿದ ನೆಲ

"ಅಲ್ಲಿ ಬ್ಯಾಡ, ಜಟ್ಟಪ್ಪ! ಚೌಡಮ್ಮನ ಕಲ್ಲಿದೆ, ಕಣ್ಣು ಕಾಣಲ್ವಾ?"

ಜಟ್ಟಪ್ಪ ಜೆಸಿಬಿಯ ಬಕೆಟ್ಟನ್ನು ಗಾಳಿಯಲ್ಲೇ ನಿಲ್ಲಿಸಿದ. "ಕಂಡೇ ನಿಲ್ಸಿದ್ದು ಪೂರ್ಣೇಶಣ್ಣ. ನೀವು ಹೇಳಿದ್ರೂ ಹಾಕ್ತಿರ್ಲಿಲ್ಲ."

ಜಾಗ ಕಾಯುವ ಚೌಡಿಯನ್ನು ಕದಲಿಸುವ ಯೋಚನೆ ಪೂರ್ಣೇಶನಿಗೂ ಬರಲಿಲ್ಲ. ಕಲ್ಲಿನ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿಸಿ, ಇಳಿಯಲು ಮೆಟ್ಟಿಲು ಇಡಿಸಿದ. ಉಳಿದ ಆವರಣಕ್ಕೆಲ್ಲ ಕೆಂಪು ಮಣ್ಣು ಸುರಿಸಿದ. ವರದಹಳ್ಳಿ ರಸ್ತೆಯಲ್ಲಿ ಅವನು ಕಟ್ಟಿಸಿದ್ದ ಅಪಾರ್ಟ್‌ಮೆಂಟಿನ ಕೆಳಗಿನ ಮಹಡಿ ದಿನದಿನಕ್ಕೆ ನೆಲದೊಳಗೆ ಹೂತುಹೋಯಿತು.

ಕಟ್ಟಡ ಮಿತಿಗಿಂತ ಎತ್ತರವಾದರೆ ರಾಜ್ಯದ ಅಗ್ನಿಶಾಮಕದವರ ಒಪ್ಪಿಗೆ ಬೇಕು. ಬೆಂಕಿ ಬಿದ್ದರೆ ಇಳಿಯಲು ಅವರು ಎರಡನೆಯ ಮೆಟ್ಟಿಲಸಾಲು ಕೇಳುತ್ತಾರೆ. ಅದು ಪ್ರತಿ ಮಹಡಿಯಲ್ಲೂ ಒಂದು ಮನೆ ನುಂಗುತ್ತದೆ. ಮಿತಿಯೊಳಗಿದ್ದರೆ ಊರಿನ ಕಟ್ಟಡ ಸಮಿತಿಯೇ ಸಾಕು. ಅದರ ಅಧ್ಯಕ್ಷ ಸೋದರಮಾವ ಶೇಷಪ್ಪ. "ನಮ್ಮ ಸಾಗರದ ಮನೆಗೆ ಎಷ್ಟು ಮೆಟ್ಲು ಅಂತ ಬೆಂಗ್ಳೂರಿನೋರು ಹೇಳ್ತಾರಾ?" ಎಂದು ಮಾವ ಎಲೆಯಡಿಕೆ ಉಗಿದಿದ್ದ.

ಎತ್ತರವನ್ನು ನೆಲದಿಂದ ಅಳೆಯುತ್ತಾರೆ. ಕಟ್ಟಡವನ್ನು ಇಳಿಸಲಾಗದು, ನೆಲವನ್ನು ಏರಿಸಬಹುದು. ಮಣ್ಣಿನ ಮೇಲೆ ಹುಲ್ಲು ಹಾಸಿಸಿದ, ಬೆಳೆದ ಸಂಪಿಗೆ ಗಿಡಗಳನ್ನೇ ತಂದು ನೆಡಿಸಿದ, ಅಕ್ಕಪಕ್ಕದವರು ಮರೆಯಲೆಂದು ಒಂದು ಮಳೆಗಾಲ ಕಾದ.

ಅಷ್ಟರಲ್ಲಿ ಮೇಲಿನ ಮಹಡಿಗೆ ಬಾಣಂತಿ ಕಾವ್ಯಾ ಬಂದಿದ್ದಳು. ಕೆಳಗೆ ಬೆಂಕಿ ಹೊತ್ತಿಕೊಂಡರೆ ಹೊಗೆ ಹತ್ತುವುದೂ ಅವಳು ಇಳಿಯುವುದೂ ಒಂದೇ ಮೆಟ್ಟಿಲಲ್ಲಿ. ಪೂರ್ಣೇಶ್ ಅದನ್ನೂ ಯೋಚಿಸಿದ್ದ. ಯೋಚಿಸಿ, ಮಗುವಿಗೆ ತೊಟ್ಟಿಲು ಕಳಿಸಿದ್ದ.

ಕಾರ್ತಿಕದಲ್ಲಿ ಕಟ್ಟಡದ ಎತ್ತರ ನೋಡಲು ಶಿವಮೊಗ್ಗದಿಂದ ಅಗ್ನಿಶಾಮಕ ಅಧಿಕಾರಿ ಮಹಾಲಕ್ಷ್ಮೀ ಬಂದರು. ಹುಲ್ಲಿನ ಮೇಲೆ ನಿಂತು ಅಳೆಸಿದರು. ಮಿತಿಗಿಂತ ಒಂದು ಗೇಣು ಕಡಿಮೆ.

"ಹಂಗಾರೆ ಇದು ನಮ್ಗೆ ಬರಲ್ಲ. ನಿಮ್ಮ ಊರೋರೇ ನೋಡ್ಕಳ್ಲಿ," ಎಂದು ಟೇಪು ಸುತ್ತಿಕೊಂಡರು. ಎಳನೀರು ಕೆತ್ತಿಸಲು ಪೂರ್ಣೇಶ್ ಹೊರಟಾಗ ಹಿಂದಿನಿಂದ ಕೂಗಿದರು: "ಚೌಡಮ್ಮಂಗೆ ಕೈ ಮುಗ್ದು ಬರ್ತೀನಿ. ನಾನೂ ಇಲ್ಲೇ ಪಕ್ಕದ ಹೊಸನಗರದೋಳು, ಹಂಗೇ ಹೋದ್ರೆ ಮನಸ್ಸಿಗೆ ಸಮಾಧಾನ ಆಗಲ್ಲ."

ಅವನು ಎಳನೀರು ಹಿಡಿದು ಬಂದಾಗ ಅವರು ಚಪ್ಪಲಿ ಮೇಲೆ ಬಿಟ್ಟು, ಮೆಟ್ಟಿಲಿಳಿದು, ಕಲ್ಲಿನ ಮುಂದೆ ನಿಂತಿದ್ದರು. ಕೈ ಮುಗಿದಾಗಿತ್ತು, ಆದರೂ ಹತ್ತಿ ಬರಲಿಲ್ಲ. ತಲೆಯ ಮೇಲಿದ್ದ ಹುಲ್ಲಿನ ಅಂಚನ್ನೇ ನೋಡುತ್ತಿದ್ದರು. "ಅಲ್ಲ ಪೂರ್ಣೇಶ್, ದೇವ್ರನ್ನ ಯಾರೂ ಗುಂಡೀಲಿ ಇಡಲ್ಲ, ಅಲ್ವೇನ್ರಿ?" ಎನ್ನುತ್ತಾ ಕೂತು, ಟೇಪಿನ ತುದಿಯನ್ನು ಕಲ್ಲಿನ ಬುಡಕ್ಕೆ ಒತ್ತಿದರು. "ಮೇಡಂ, ಮೊದ್ಲು ಎಳನೀರು ಕುಡೀರಿ," ಎಂದು ಅವನು ಬಗ್ಗಿ ಕೈ ಚಾಚಿದ. ಅವರು ತಲೆ ಎತ್ತಲಿಲ್ಲ. "ಬ್ಯಾಡ."