ಮೂಲೆಯ ಮೀನು

ಜೆಸಿಬಿಯ ಬಕೆಟ್ ನನ್ನತ್ತ ತಿರುಗಿದಾಗ ನನ್ನ ಕೈ ಸೀಟಿನಡಿಯ ಬಿಸ್ಕತ್ತಿನ ಡಬ್ಬದಲ್ಲಿತ್ತು.

ನಾನಿದ್ದದ್ದು ಇನ್ನೊಂದು ಜೆಸಿಬಿಯ ಒಳಗೆ. ಮೂತಿ ಸುಟ್ಟು ಕರಕಲಾಗಿ, ನಾಲ್ಕು ದಿನದಿಂದ ಗುಂಡಿಯ ಅಂಚಿನಲ್ಲಿ ಕೆಟ್ಟು ನಿಂತ ಯಂತ್ರ. ಹೊತ್ತು ಮಧ್ಯಾಹ್ನ ಹನ್ನೆರಡೂಕಾಲು. ಸೈಟಿನವರೆಲ್ಲ ಊಟಕ್ಕೆ ಹೋಗಿದ್ದಾರೆ ಅಂದುಕೊಂಡಿದ್ದೆ.

ಬಾಲ್ದೊ ಹೋಗಿರಲಿಲ್ಲ.

ಬಾಲ್ದೊ ಎಂದರೆ ಈ ಸೈಟಿನ ಕೆಲಸ ನಡೆಸುವ ಇಂಜಿನಿಯರ್ ಮೊಂತೆಸಿಲ್ಯೊನ ಬಂಟ. ಕಾಗದದ ಮೇಲೆ ಸೈಟಿನ ಕಾವಲುಗಾರ, ಮಾಡುವುದು ಬೇರೆ ಕೆಲಸ. ಇವತ್ತು ಪಕ್ಕದ ಯಂತ್ರ ಹತ್ತಿ ಕೂತಿದ್ದ.

"ಕೆಳಗಿಳಿ ಮುದುಕಿ. ಕೈಯಲ್ಲಿರೋದನ್ನ ಅಲ್ಲೇ ಬಿಟ್ಟು ಇಳಿ."

"ನಂಗಿನ್ನೂ ನಲವತ್ತೆಂಟು ಕಣೋ. ಮುದುಕಿ ನಿಮ್ಮತ್ತೆ."

ಬಕೆಟ್ ಹಿಂದೆ ಸರಿಯಿತು. ಬಿಟ್ಟುಬಿಡುವುದಕ್ಕಲ್ಲ... ಬೀಸುವುದಕ್ಕೆ.

ಡಬ್ಬದಲ್ಲಿದ್ದ ಮಡಚಿದ ಹಾಳೆಯನ್ನು ಅಂಗಿಯೊಳಗೆ ತುರುಕಿಕೊಂಡೆ. ಆ ಕಡೆಯ ಬಾಗಿಲಿನಿಂದ ಹಾರಿದೆ. ಕೆಸರು. ಮಂಡಿ ಚುರ್ ಎಂದಿತು. ಬೆನ್ನ ಹಿಂದೆ ಗಾಜು ಪುಡಿಯಾಯಿತು. ಒಂದು ಕ್ಷಣ ತಡವಾಗಿದ್ದರೆ ಪುಡಿಯಾಗುತ್ತಿದ್ದದ್ದು ನನ್ನ ತಲೆ.

ತಗಡಿನ ಬೇಲಿಯ ಸಂದಿಯಲ್ಲಿ ನುಸುಳಿದೆ. ಆಚೆ ಬಾಡಿಗೆ ಬೈಕಿನ ಬೆರ್ತಿಂಗ್ ಇಂಜಿನ್ ಆರಿಸದೆ ಕಾದಿದ್ದ. ನಲವತ್ತರ ಆಸಾಮಿ. ಇಂಥ ಹೊತ್ತಿನಲ್ಲಿ ಕೈ ಕೊಡುವವನಲ್ಲ.

"ಅಕ್ಕಾ, ರಕ್ತ ಸುರೀತಿದೆಯಲ್ಲ. ಯಾರನ್ನ ಕೆಣಕಿದೆ?"

"ಮೊದ್ಲು ಓಡ್ಸು."

ಓಡಿಸಿದ.

ಇಷ್ಟೆಲ್ಲ ಒಂದು ಹಾಳೆಗಾಗಿಯೇ ಅಂತೀರಾ? ಹೌದು. ಹಾಳೆಗಾಗಿಯೇ.

ನಾನು ನೆನಿತಾ ಕಬಾಹುಗ್. ಸೆಬು ನಗರದಲ್ಲಿ ಇಪ್ಪತ್ತು ವರ್ಷ ಕಂಪ್ಯೂಟರಿನ ಮುಂದೆ ಕೂತು ನಕ್ಷೆ ಬರೆದೆ. ಈಗ ಬರೆಯುವುದಿಲ್ಲ. ಕಟ್ಟಡ ಬಿದ್ದರೆ, ಸೇತುವೆ ಬಿರುಕು ಬಿಟ್ಟರೆ, ನಕ್ಷೆಯಲ್ಲಿ ಸುಳ್ಳು ಹೇಳಿದವರು ಯಾರು ಎಂದು ಹುಡುಕುತ್ತೇನೆ. ಹೊಟ್ಟೆಪಾಡು.

ನಾಲ್ಕು ದಿನದ ಹಿಂದೆ, ಸಮುದ್ರ ತುಂಬಿಸಿ ಮಾಡಿದ ಆ ನೆಲದಲ್ಲಿ ಪುಲೊ ಎಂಬ ಜೆಸಿಬಿ ಆಪರೇಟರ್ ಕಾಲುವೆ ಅಗೆಯುತ್ತಿದ್ದ. ನೆಲದಡಿಯಲ್ಲಿ ಅರವತ್ತೊಂಬತ್ತು ಸಾವಿರ ವೋಲ್ಟಿನ ಕೇಬಲ್ ಇತ್ತು. ಬಕೆಟ್ ತಗುಲಿತು. ಕೆಳಗೆ ನಿಂತಿದ್ದ ಅವನ ಜೊತೆಗಾರರು ಇಬ್ಬರೂ ಅಲ್ಲೇ ಹೋದರು. ಪುಲೊನ ಎರಡೂ ಕೈ ಬೆಂದಿವೆ.

ಇಂಜಿನಿಯರ್ ಮೊಂತೆಸಿಲ್ಯೊ ಪೊಲೀಸರ ಕೈಗೆ ಒಂದು ನಕ್ಷೆ ಕೊಟ್ಟ. ಕೇಬಲ್ಲಿನ ಕೆಂಪು ಗೆರೆ ಕಣ್ಣಿಗೆ ಹೊಡೆಯುವ ಹಾಗಿತ್ತು. "ಇಷ್ಟು ಸ್ಪಷ್ಟವಾಗಿ ತೋರಿಸಿದ್ದೆ. ಆದರೂ ಅಗೆದ. ಕುಡಿದಿದ್ದನೋ ಏನೋ" ಎಂದ.

ಇವತ್ತು ಮೂರು ಗಂಟೆಗೆ ಆ ಕಡತ ಸರಕಾರಿ ವಕೀಲೆಯ ಮುಂದೆ ಬರುತ್ತದೆ. ಅವರು ಸಹಿ ಹಾಕಿದರೆ ಇಬ್ಬರನ್ನು ಕೊಂದ ಕೇಸು ಪುಲೊನ ಮೇಲೆ. ಆಸ್ಪತ್ರೆಯ ಮಂಚದಿಂದ ನೇರ ಜೈಲು.

ಪುಲೊನ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದಳು. ನಿನ್ನೆ ಆಸ್ಪತ್ರೆಗೆ ಹೋದೆ. ಅವನ ಕೈಗಳು ಬ್ಯಾಂಡೇಜಿನ ಎರಡು ಉಂಡೆ. ಮಂಚದ ಪಕ್ಕ ಒಬ್ಬ ಪೊಲೀಸ್.

"ಅಕ್ಕಾ, ನಕ್ಷೆ ಕೈಗೆ ಬರೋವರ್ಗೂ ನಾನು ಬಕೆಟ್ ಇಳಿಸೋನಲ್ಲ. ಅವತ್ತೂ ಹಟ ಹಿಡಿದೆ. ಇಂಜಿನಿಯರ್ ಬೈಕೊಂಡೇ ತಂದುಕೊಟ್ಟ. ಅದರಲ್ಲಿ ಕೆಂಪು ಗೆರೆ ಇರಲಿಲ್ಲ. ನಮ್ಮಮ್ಮನ ಆಣೆ."

"ಆ ಹಾಳೆ ಎಲ್ಲಿ?"

"ಸೀಟಿನ ಕೆಳಗೆ ಬಿಸ್ಕತ್ ಡಬ್ಬ. ಮಳೆಗೆ ನೆನೀಬಾರ್ದು ಅಂತ ಅದರಲ್ಲೇ ಇಡೋದು."

"ಹಾಳೆ ಮೂಲೇಲಿ ಏನಾದ್ರೂ ಗುರುತು ನೋಡಿದ್ಯಾ? ಸಣ್ಣದು?"

ಯೋಚಿಸಿದ. "ಮೀನು" ಎಂದ. "ಉಗುರಷ್ಟು ಮೀನು. ನಗು ಬಂತು ನಂಗೆ."

ನನಗೆ ನಗು ಬರಲಿಲ್ಲ. ಮೈ ಉರಿಯಿತು.

ಯಾಕೆಂದರೆ ಆ ಮೀನು ನನ್ನದೇ ಪಾಠ.

ಕಂಪ್ಯೂಟರಿನ ನಕ್ಷೆ ಎಂದರೆ ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳು. ರಸ್ತೆಗೊಂದು, ನೀರಿನ ಪೈಪಿಗೊಂದು, ಕೇಬಲ್ಲಿಗೊಂದು. ಅದಕ್ಕೆ ಲೇಯರ್ ಅನ್ನುತ್ತೇವೆ. ದೊಡ್ಡ ಕೆಲಸದಲ್ಲಿ ನೂರೈವತ್ತು ಲೇಯರ್ ಇರುತ್ತವೆ. ಒಂದೊಂದನ್ನೇ ಹಚ್ಚಿ ಆರಿಸುತ್ತ ಕೂತರೆ ಸಂಜೆಯಾಗುತ್ತದೆ. ಅದಕ್ಕೇ ಯಾವುದು ಕಾಣಬೇಕು, ಯಾವುದು ಬೇಡ ಎಂಬುದನ್ನು ಒಂದು ಹೆಸರು ಕೊಟ್ಟು ಉಳಿಸಿಡುತ್ತೇವೆ. ಬೇಕಾದಾಗ ಪಟ್ಟಿ ತೆರೆದು ಆ ಹೆಸರು ಒತ್ತಿದರೆ ಇಡೀ ನಕ್ಷೆ ಬದಲಾಗುತ್ತದೆ. ಎರಡೇ ಕ್ಲಿಕ್.

ಕೆಲಸ ಬೇಗ ಆಗುತ್ತದೆ. ಅಷ್ಟೇ ಬೇಗ ತಪ್ಪು ಹಾಳೆಯೂ ಹೊರಗೆ ಹೋಗುತ್ತದೆ. ಹಾಗಾಗಿ ನನ್ನ ಕೈಕೆಳಗಿನವರಿಗೆ ಒಂದು ಅಭ್ಯಾಸ ಮಾಡಿಸಿದ್ದೆ. ಉಳಿಸಿದ ಒಂದೊಂದು ಸೆಟ್ಟಿಂಗಿಗೂ ಹಾಳೆಯ ಮೂಲೆಯಲ್ಲಿ ಒಂದೊಂದು ಪುಟ್ಟ ಚಿತ್ರ. ಚಿತ್ರ ನೋಡಿದರೆ ಯಾವ ಸೆಟ್ಟಿಂಗಿನ ಹಾಳೆ ಎಂದು ಗೊತ್ತಾಗಬೇಕು. ಆ ಅಭ್ಯಾಸ ಈಗಲೂ ಬಿಡದವಳು ಊರಿನಲ್ಲಿ ಒಬ್ಬಳೇ. ವ್ಯಾಂಜಿ. ಮೊಂತೆಸಿಲ್ಯೊನ ಆಫೀಸಿನಲ್ಲಿ ನಕ್ಷೆ ಬರೆಯುವವಳು.

ಬೆಳಗ್ಗೆ ಅವಳಿಗೆ ಫೋನ್ ಮಾಡಿದ್ದೆ. ಅತ್ತಳು. ಬಂದರಿನ ಹಿಂದಿನ ಊಟದ ಅಂಗಡಿಯಲ್ಲಿ ಒಂದು ಗಂಟೆಗೆ ಸಿಗುತ್ತೇನೆ ಎಂದಳು.

ಬೆರ್ತಿಂಗ್ ಅಲ್ಲಿಗೇ ಓಡಿಸಿದ. ಅವಳು ಮೂಲೆಯ ಮೇಜಿನಲ್ಲಿದ್ದಳು. ಮುಂದೆ ಹಬೆಯಾಡುವ ಮೀನಿನ ಸಾರು, ಒಡೆಯದ ಅನ್ನದ ಪೊಟ್ಟಣ. ತೆಂಗಿನ ಗರಿಯಲ್ಲಿ ಹೆಣೆದ ನಮ್ಮ ಪುಸೋ. ಒಂದು ತುತ್ತೂ ತಿಂದಿರಲಿಲ್ಲ.

"ಹೇಳು" ಎಂದೆ.

"ಹೋದ ವಾರ ಕರೆಂಟ್ ಕಂಪನಿಯಿಂದ ಪತ್ರ ಬಂತು ಅಕ್ಕಾ. ಇಲ್ಲಿ ಕೇಬಲ್ ಇದೆ, ಯಂತ್ರ ಇಳಿಸ್ಬೇಡಿ, ಕೈಯಲ್ಲೇ ಅಗೀರಿ ಅಂತ. ಕೇಬಲ್ಲಿಗೆ ಹೊಸ ಲೇಯರ್ ಹಾಕ್ದೆ. ಹೊಸ ಸೆಟ್ಟಿಂಗ್ ಉಳಿಸ್ದೆ. ಅದಕ್ಕೆ ಪುಸೋ ಗುರುತು."

"ಮೀನು?"

"ಹಳೇ ಸೆಟ್ಟಿಂಗು. ಪತ್ರಕ್ಕಿಂತ ಮುಂಚಿಂದು. ಅದಕ್ಕೆ ಕೇಬಲ್ ಲೇಯರೇ ಗೊತ್ತಿಲ್ಲ. ಗೊತ್ತಿಲ್ಲದ ಲೇಯರನ್ನೆಲ್ಲ ಆಫ್ ಮಾಡು ಅಂತ ನಾನೇ ಟಿಕ್ ಹಾಕಿಟ್ಟಿದ್ದೆ."

"ಹಳೇದನ್ನ ಯಾಕೆ ಅಳಿಸ್ಲಿಲ್ಲ?"

ತಲೆ ತಗ್ಗಿಸಿದಳು. "ನಾಳೆ ಅಳಿಸಿದ್ರಾಯ್ತು ಅಂತ..."

ಅಷ್ಟೇ. ನಮ್ಮ ಕಸುಬಿನವರು ಮಾತ್ರ ಮಾಡುವ ತಪ್ಪು. ನಾನೂ ನೂರು ಸಲ ಮಾಡಿದ್ದೇನೆ, ನನ್ನ ಪುಣ್ಯಕ್ಕೆ ಯಾರೂ ಸಾಯಲಿಲ್ಲ.

"ಇಂಜಿನಿಯರಿಗೆ ಹೇಗೆ ಗೊತ್ತಾಯ್ತು?"

"ಕೈಯಲ್ಲಿ ಅಗೆದ್ರೆ ಮೂರು ವಾರ ಹಿಡಿಯುತ್ತೆ ಅಂತ ಕುಣೀತಿದ್ರು. ಹಳೇ ನಕ್ಷೆ ನೋಡೋದು ಹೇಗಮ್ಮ ಅಂತ ಕೇಳಿದ್ರು. ತೋರಿಸ್ಕೊಟ್ಟೆ. ಮಾರನೇ ದಿನ ಊಟ ಮುಗಿಸಿ ಬಂದ್ರೆ ನನ್ನ ಸ್ಕ್ರೀನಲ್ಲಿ ಮೀನಿತ್ತು. ನಾನು ಪುಸೋ ಇಟ್ಟು ಹೋಗಿದ್ದೆ."

"ಆಮೇಲೆ?"

"ಪುಸೋಗೆ ಬದಲಾಯಿಸ್ದೆ. ಎರಡು ಕ್ಲಿಕ್ ಅಕ್ಕಾ... ಯಾರು ಮಾಡಿದ್ದು, ಯಾಕೆ ಮಾಡಿದ್ದು ಅಂತ ಯೋಚ್ನೇನೇ ಮಾಡ್ಲಿಲ್ಲ. ಒಂದೂವರೆಗೆ ಸೈಟಿಂದ ಫೋನ್ ಬಂತು."

ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅವಳ ಕೆನ್ನೆಗಲ್ಲ, ನನ್ನದಕ್ಕೆ. ಬೆರಳು ಕಣ್ಣಿಗಿಂತ ಮುಂದಿರಬೇಕು ಎಂದು ಅವಳಿಗೆ ಕಲಿಸಿದ್ದು ನಾನೇ. ಚುರುಕಾಗಿ ಕೆಲಸ ಮಾಡುವವಳು ಎಂದು ಹೆಸರು ತಂದುಕೊಟ್ಟದ್ದೂ ನಾನೇ.

"ಮೀನಿನ ಸೆಟ್ಟಿಂಗ್ ಈಗ ಇದೆಯಾ?"

"ಅಳಿಸಿಬಿಡು ಅಂದ್ರು. ಎದುರಿಗೇ ನಿಂತು ನನ್ನ ಕೈಲೇ ಅಳಿಸಿದ್ರು. ಆದ್ರೆ ಅದಕ್ಕೆ ಮುಂಚೆ..." ಕೊರಳಿನ ಜಪಸರವನ್ನು ಹೊರಗೆಳೆದಳು. ಶಿಲುಬೆಯ ಜೊತೆಗೆ ಪೆನ್ ಡ್ರೈವ್ ತೂಗಾಡುತ್ತಿತ್ತು. "ಕಾಪಿ ಮಾಡ್ಕೊಂಡೆ."

"ಕೊಡು. ನೀನೂ ಬಾ."

"ನಾನು ಬಂದ್ರೆ ನನ್ನನ್ನೂ ಒಳಗೆ ಹಾಕ್ತಾರೆ."

"ಹಾಕಬಹುದು. ನೀನು ಬರ್ದಿದ್ರೆ ಪುಲೊನನ್ನ ಹಾಕೋದಂತೂ ಖಂಡಿತ. ಬೆಂದ ಕೈಯಲ್ಲಿ ಅವನು ಕಂಬೀನೂ ಹಿಡ್ಕೊಳಕ್ಕಾಗಲ್ಲ."

ಅವಳು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಮೇಲೆ ನೆರಳು ಬಿತ್ತು. ಬಾಲ್ದೊ. ನಮ್ಮ ಬೈಕಿನ ಬೆನ್ನು ಹತ್ತಿ ಬಂದು ಏದುಸಿರು ಬಿಡುತ್ತಿದ್ದ.

"ಸರ ಚೆನ್ನಾಗಿದೆಯಲ್ಲ ವ್ಯಾಂಜಿ. ಕೊಡು ನೋಡೋಣ."

ಕೈ ಅವಳ ಕೊರಳಿಗೆ ಹೋಯಿತು. ಸರ ಬಿಗಿಯಿತು. ಅವಳ ಕಣ್ಣುಗಳು ಮೇಲೆ ಹೋದವು.

ನಾನು ಯೋಚಿಸಲಿಲ್ಲ. ಬಿಸಿ ಸಾರಿನ ಬಟ್ಟಲನ್ನು ಎತ್ತಿ ಅವನ ತೊಡೆಗೆ ಸುರಿದೆ. ಪೂರ್ತಿ. ಮೀನಿನ ತಲೆಯ ಸಮೇತ.

ಅವನು ಕೂಗಿದ ಕೂಗಿಗೆ ಅಡುಗೆಯ ಹೆಂಗಸರು ಸೌಟು ಹಿಡಿದೇ ಹೊರಗೆ ಬಂದರು. ನೋಡಿದರು. ಗಂಡಸೊಬ್ಬ ಹುಡುಗಿಯ ಕೊರಳಿಗೆ ಕೈ ಹಾಕಿದ್ದಾನೆ. ಅವರಿಗೆ ಅಷ್ಟು ಸಾಕಾಯಿತು. ಉಳಿದದ್ದು ನನಗೆ ಸೌಟುಗಳ ಸದ್ದಿನಲ್ಲೇ ಗೊತ್ತಾಯಿತು, ಯಾಕೆಂದರೆ ನಾವು ಆಗಲೇ ಬೈಕಿನ ಮೇಲಿದ್ದೆವು. ಮೂವರು.

ನಮ್ಮ ದುರದೃಷ್ಟ, ದಾರಿಯಲ್ಲಿ ಟ್ರಾಫಿಕ್ ಕಚ್ಚಿಕೊಂಡಿತ್ತು. ಬೆರ್ತಿಂಗ್ ಕಾಲುದಾರಿ ಹತ್ತಿಸಿದ, ಹಣ್ಣಿನ ಗಾಡಿಯವನ ಬೈಗುಳ ತಿಂದ, ಜೀಪಿನಿ ಬಸ್ಸುಗಳ ಸಾಲಿನ ನಡುವೆ ನುಗ್ಗಿದ. ಬೆನ್ನಿಗಂಟಿದ ವ್ಯಾಂಜಿ ಏನೋ ಪಿಸುಗುಟ್ಟುತ್ತಿದ್ದಳು. ಜಪವೋ, ಬೈಗುಳವೋ ಕೇಳಿಸಲಿಲ್ಲ. ನಡುವೆ ನನ್ನ ಮನೆ ಹೊಕ್ಕು ಲ್ಯಾಪ್‌ಟಾಪ್ ಎತ್ತಿಕೊಂಡೆ.

ಎರಡು ಐವತ್ತೈದಕ್ಕೆ ಸರಕಾರಿ ವಕೀಲೆ ಆರ್ಸಿಯಾಗಾ ಅವರ ಕೋಣೆಗೆ ನುಗ್ಗಿದೆ. ಮೈತುಂಬ ಕೆಸರು, ಮಂಡಿಯಲ್ಲಿ ರಕ್ತ. ಮೊಂತೆಸಿಲ್ಯೊ ಮೊದಲೇ ಬಂದು ಕೂತಿದ್ದ. ಇಸ್ತ್ರಿ ಮಾಡಿದ ಬಾರೋಂಗ್ ಅಂಗಿ, ಕಾಲಿನ ಮೇಲೆ ಕಾಲು. ಹಿಂದಿನ ಬೆಂಚಿನಲ್ಲಿ ಪುಲೊನ ಹೆಂಡತಿ, ಬಾಗಿಲಲ್ಲಿ ಇಬ್ಬರು ಪೊಲೀಸರು.

"ಮೇಡಂ, ಹತ್ತು ನಿಮಿಷ ಕೊಡಿ."

"ಐದು" ಎಂದರು ವಕೀಲೆ.

"ಸಾಕು."

ಲ್ಯಾಪ್‌ಟಾಪ್ ತೆರೆದೆ. ಪೆನ್ ಡ್ರೈವ್ ಹಾಕಿದೆ. ನಕ್ಷೆ ಬಂತು.

"ಕೆಂಪು ಗೆರೆ ಕಾಣ್ತಿದೆಯಾ ಮೇಡಂ? ಅದೇ ಕೇಬಲ್ಲು. ಮೂಲೇಲಿ ಪುಸೋ ಚಿತ್ರ ಇದೆ."

"ಕಾಣ್ತಿದೆ."

ಎರಡು ಕ್ಲಿಕ್.

"ಈಗ?"

ಅವರು ಕನ್ನಡಕ ಸರಿಮಾಡಿಕೊಂಡರು. "ಎಲ್ಲಿ ಹೋಯ್ತು?"

"ಎಲ್ಲೂ ಹೋಗಿಲ್ಲ. ಮುಚ್ಚಿದೆ ಅಷ್ಟೆ. ಮೂಲೆ ನೋಡಿ, ಪುಸೋ ಹೋಗಿ ಮೀನು ಬಂದಿದೆ."

ಪುಸೋ. ಮೀನು. ಪುಸೋ. ಮೀನು. ಗೆರೆ ಬಂತು, ಹೋಯಿತು, ಬಂತು, ಹೋಯಿತು.

ಅಂಗಿಯೊಳಗಿನ ಹಾಳೆ ತೆಗೆದು ಮೇಜಿನ ಮೇಲೆ ಹರಡಿದೆ. "ಪುಲೊಗೆ ಕೊಟ್ಟಿದ್ದು ಇದು." ಗೆರೆ ಇಲ್ಲ. ಮೂಲೆಯಲ್ಲಿ ಮೀನು.

ಮೊಂತೆಸಿಲ್ಯೊ ನಕ್ಕ. ಅಭ್ಯಾಸವಿರುವ ನಗು.

"ಹಾಗಾದ್ರೆ ತಪ್ಪು ಈ ಹುಡುಗೀದು ಮೇಡಂ. ಇವಳ ಕಂಪ್ಯೂಟರು, ಇವಳ ಮೀನು. ನಾನೇನು ಮಾಡ್ಲಿ?"

ನೋಡಿ, ಆ ಕ್ಷಣ ನನಗೆ ಬಂದ ಕೋಪ ಇದೆಯಲ್ಲ, ಅದನ್ನು ಈಗ ನೆನೆದರೂ ಹಲ್ಲು ಕಡಿಯುತ್ತೇನೆ. ಇಬ್ಬರನ್ನು ನುಂಗಿದ್ದ. ಮೂರನೆಯವನನ್ನು ಜೈಲಿಗೆ ಕಳಿಸಲು ಹೊರಟಿದ್ದ. ಅದು ಕೈತಪ್ಪುತ್ತಲೇ ನಾಲ್ಕನೆಯವಳನ್ನು ಮುಂದೆ ತಳ್ಳಿದ. ಪಟ್ಟಿ ತೆರೆದು ಇನ್ನೊಂದು ಹೆಸರು ಒತ್ತಿದಷ್ಟು ಸಲೀಸಾಗಿ.

ನಾನು ಬಾಯಿ ತೆರೆಯುವ ಮೊದಲೇ ವ್ಯಾಂಜಿ ಎದ್ದು ನಿಂತಳು. ಕೊರಳಿನಲ್ಲಿ ಸರ ಬಿಗಿದ ಕೆಂಪು ಗುರುತು.

"ಹಳೇದನ್ನ ಅಳಿಸ್ಲಿಲ್ಲ. ಸ್ಕ್ರೀನಲ್ಲಿ ಮೀನು ನೋಡಿದೆ, ಯಾರನ್ನೂ ಕೇಳ್ಲಿಲ್ಲ. ಅದು ನನ್ನ ತಪ್ಪು ಮೇಡಂ, ಬರ್ಕೊಳಿ. ಪ್ರಿಂಟ್ ತೆಗೆದಿದ್ದು ನಾನಲ್ಲ."

"ಸಾಕ್ಷಿ?" ಎಂದ ಮೊಂತೆಸಿಲ್ಯೊ.

"ನೀವೇ" ಎಂದೆ ನಾನು.

ಹಾಳೆಯ ತಳದಂಚಿನ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟೆ. ಪ್ರಿಂಟ್ ತೆಗೆದ ತಾರೀಕು ಮತ್ತು ಹೊತ್ತನ್ನು ಕಂಪ್ಯೂಟರೇ ಅಲ್ಲಿ ಬರೆಯುತ್ತದೆ. ಅಪಘಾತದ ದಿನ, ಹನ್ನೆರಡು ಇಪ್ಪತ್ನಾಲ್ಕು.

"ಮೇಡಂ, ಇಂಜಿನಿಯರ್ ಪೊಲೀಸರಿಗೆ ಕೊಟ್ಟ ಹೇಳಿಕೆ ಒಂದ್ಸಲ ಓದ್ತೀರಾ? ಎರಡನೇ ಪುಟ. ಪುಲೊನ ಹೆಂಡತಿಗೆ ಕೊಟ್ಟ ನಕಲಲ್ಲಿ ನೋಡಿದ್ದೆ."

ವಕೀಲೆ ಕಡತ ತಿರುವಿದರು. ಗಟ್ಟಿಯಾಗಿ ಓದಿದರು. "ಆ ದಿನ ಸಿಬ್ಬಂದಿ ಎಲ್ಲರೂ ಊಟಕ್ಕೆ ಹೋಗಿದ್ದರಿಂದ, ನನ್ನ ಜವಾಬ್ದಾರಿ ಅರಿತು, ನಾನೇ ಖುದ್ದಾಗಿ ನಕ್ಷೆಯ ಪ್ರಿಂಟ್ ತೆಗೆದು ಹನ್ನೆರಡೂವರೆಗೆ ಆಪರೇಟರನ ಕೈಗೆ ಕೊಟ್ಟೆ..."

ಒಳ್ಳೆಯವನು ಅನ್ನಿಸಿಕೊಳ್ಳುವ ಚಪಲ. ಸಹಿಯನ್ನೂ ಹಾಕಿದ್ದ.

"ನಾನು ಕೊಟ್ಟಿದ್ದು ಬೇರೆ ಹಾಳೆ" ಎಂದ. ಧ್ವನಿ ಒಣಗಿತ್ತು. "ಪೊಲೀಸರ ಹತ್ರ ಇದೆಯಲ್ಲ, ಅದು."

"ತೆಗೀರಿ ಅದನ್ನ."

ಕಡತದಿಂದ ಪುಸೋ ಹಾಳೆ ಹೊರಗೆ ಬಂತು. ಮೀನಿನ ಹಾಳೆಯ ಮೇಲೆ ತಲೆಗೆ ತಲೆ ಕೂಡಿಸಿ ಇಟ್ಟೆ. ತಳದಲ್ಲಿ ಎರಡು ಬೆರಳಿನಷ್ಟು ಗಿಡ್ಡ. ಕತ್ತರಿಯಲ್ಲಿ ನೇರವಾಗಿ, ನಾಜೂಕಾಗಿ ಕತ್ತರಿಸಿತ್ತು. ತಾರೀಕು ಇರುವ ಅಂಚೇ ಇಲ್ಲ; ಅಪಘಾತದ ಆಮೇಲೆ ತೆಗೆದ ಪ್ರಿಂಟು ಎಂದು ಅದು ಹೇಳಿಬಿಡುತ್ತಿತ್ತಲ್ಲ.

ವಕೀಲೆ ಆ ಅಂಚನ್ನು ಬೆರಳಿನಿಂದ ಸವರಿದರು. ಒಂದು ಸಲ. ಇನ್ನೊಂದು ಸಲ. ಆಮೇಲೆ ಪುಲೊನ ಹೆಸರಿದ್ದ ಕಾಗದವನ್ನು ಸಹಿ ಹಾಕದೆ ಪಕ್ಕಕ್ಕಿಟ್ಟು ಬಾಗಿಲ ಕಡೆ ನೋಡಿದರು.

"ಇಂಜಿನಿಯರನ್ನ ಠಾಣೆಗೆ ಕರ್ಕೊಂಡು ಹೋಗಿ. ಆಸ್ಪತ್ರೆ ಹತ್ರ ಇರೋ ಕಾವಲು ತೆಗೀರಿ."

ಪುಲೊನ ಹೆಂಡತಿ ಅಳಲಿಲ್ಲ. ಎದ್ದು ಬಂದು ವ್ಯಾಂಜಿಯ ಮುಂದೆ ನಿಂತಳು. ನಾನು ಹೊಡೆಯುತ್ತಾಳೆ ಅಂದುಕೊಂಡೆ. ವ್ಯಾಂಜಿಯೂ ಹಾಗೇ ಅಂದುಕೊಂಡು ಕಣ್ಣು ಮುಚ್ಚಿದಳು.

"ಆಸ್ಪತ್ರೆಗೆ ಬಾ" ಎಂದಳು ಅವಳು. "ನೋಡಿದೆ, ಕೇಳ್ಲಿಲ್ಲ ಅಂದ್ಯಲ್ಲ. ಅದನ್ನ ಅವನ ಮುಂದೆ ಹೇಳು."

ವ್ಯಾಂಜಿ ತಲೆಯಾಡಿಸಿದಳು. ಅವಳ ಮೇಲಿನ ವಿಚಾರಣೆ ಬೇರೆ ನಡೆಯುತ್ತದೆ, ನಡೆಯಲಿ. ಅವಳ ಪಕ್ಕದಲ್ಲಿ ನಾನು ಕೂರುತ್ತೇನೆ. ಪಾಠ ಹೇಳಿಕೊಟ್ಟವಳು ನಾನಲ್ಲವೇ.

ಮೊಂತೆಸಿಲ್ಯೊನನ್ನು ನನ್ನ ಮುಂದೆಯೇ ಕರೆದೊಯ್ದರು. ಹತ್ತಿರ ಬಂದಾಗ ನಿಂತ. ಮುಖ ಬೆವರಿತ್ತು.

"ಯಾರಾದ್ರೂ ಸಾಯ್ಲಿ ಅಂತ ಮಾಡಿದ್ದಲ್ಲ ನೆನಿತಾ. ಸ್ವಲ್ಪ ಹೊತ್ತು ಆಫ್ ಮಾಡಿದ್ದೆ, ಅಷ್ಟೆ."

ಆ ಠಾಣೆಯ ಲಾಕಪ್ಪನ್ನು ನಾನು ನೋಡಿದ್ದೇನೆ. ಅಲ್ಲಿ ದೀಪದ ಸ್ವಿಚ್ಚು ಕಂಬಿಯ ಹೊರಗಿದೆ.