ತಿರುವಿನ ಲಾಂದ್ರ

೧೯೫೭ರ ನವೆಂಬರ್ ೧೩, ಬುಧವಾರ. ಬೆಳಗ್ಗೆ ಏಳು ಗಂಟೆಗೆ ಆಂಡರ್ಸನ್‌ಪೇಟೆ ಠಾಣೆಗೆ ಒಂದೇ ಸಾವಿನ ಬಗ್ಗೆ ಎರಡು ದೂರು ಬಂದವು. ಒಂದನ್ನು ತಂದವನು ಊರಾಚೆಯ ಗಣಿ ಕಂಪನಿಯ ವಿಮಾನದ ಬಯಲಿನ ಸೂಪರ್‌ವೈಸರ್ ವರದರಾಜುಲು. ಇನ್ನೊಂದನ್ನು ತಂದವಳು ಕದಿರಮ್ಮ. ಅವಳ ಗಂಡ ಬೈರಪ್ಪ ಹಿಂದಿನ ಸಂಜೆ ಅದೇ ಬಯಲಿನಲ್ಲಿ ವಿಮಾನದ ಪ್ರೊಪೆಲ್ಲರಿಗೆ ಸಿಕ್ಕಿ ಸತ್ತಿದ್ದ.

ವರದರಾಜುಲು ಬರೆದು ತಂದಿದ್ದ. ಸತ್ತವನು ಕುಡಿದು ವಿಮಾನಕ್ಕೆ ಅಡ್ಡ ಹೋದ, ತಪ್ಪೆಲ್ಲ ಅವನದೇ ಎಂಬುದು ಅದರ ಸಾರ. ಕದಿರಮ್ಮನಿಗೆ ಬರೆಯಲು ಬಾರದು. ಸಬ್ ಇನ್ಸ್‌ಪೆಕ್ಟರ್ ರಾಮಚಂದ್ರಪ್ಪನ ಮೇಜಿನ ಮುಂದೆ ನಿಂತು ಬಾಯಲ್ಲೇ ಹೇಳಿದಳು.

"ನನ್ ಗಂಡ ಸತ್ತೋದ ಸಾಮಿ, ಅದು ಬ್ರಹ್ಮ ಬರೆದಿದ್ದು. ಕುಡುಕ ಅಂತ ಇವರು ಬರೀಬಾರ್ದು. ಅವನು ಹೆಂಡ ಮುಟ್ಟಿದೋನಲ್ಲ. ನಾಳೆ ನನ್ ಮಕ್ಕಳನ್ನ ಕುಡುಕನ ಮಕ್ಕಳು ಅಂದ್ರೆ ನಾನೇನ್ ಏಳ್ಲಿ?"

"ಕುಡೀದೇ ಇರೋನು ಕತ್ತಲಲ್ಲಿ ಲಾಂದ್ರ ಇಲ್ಲದೆ ಫ್ಯಾನಿನ ಎದುರಿಗೆ ಹೋಗ್ತಾನಾ ಸಾರ್?" ಎಂದ ವರದರಾಜುಲು.

ಈ ಮಾತು ರಾಮಚಂದ್ರಪ್ಪನ ತಲೆಯಲ್ಲೂ ಕೊರೆಯುತ್ತಿತ್ತು. ಬೈರಪ್ಪನ ಕೆಲಸವೇ ಲಾಂದ್ರ ಹಿಡಿಯುವುದು. ಕತ್ತಲಾದ ಮೇಲೆ ವಿಮಾನ ಇಳಿದರೆ, ಅದು ನೆಲದ ಮೇಲೆ ಉರುಳಿಕೊಂಡು ಶೆಡ್ಡಿಗೆ ಬರುವಾಗ ಪಕ್ಕದಲ್ಲಿ ನಡೆದು ದಾರಿ ತೋರಿಸುತ್ತಿದ್ದವನು ಅವನು. ಅಂಥವನ ಲಾಂದ್ರ ಶೆಡ್ಡಿನಲ್ಲೇ ಉಳಿದಿತ್ತು. ಹೆಣ ಮಾತ್ರ ಬಯಲಿನ ನಟ್ಟನಡುವೆ ಸಿಕ್ಕಿತ್ತು.

ಎಫ್.ಐ.ಆರ್. ದಾಖಲಿಸಿ, ದಫೇದಾರ್ ಅಶ್ವತ್ಥಪ್ಪನನ್ನು ಕರೆದುಕೊಂಡು ರಾಮಚಂದ್ರಪ್ಪ ಬಯಲಿಗೆ ಹೊರಟ. ರಾತ್ರಿ ತುಂತುರು ಹನಿದು ನೆಲ ಮೆತ್ತಗಾಗಿತ್ತು. ವಿಮಾನ ನಿಂತಲ್ಲೇ ನಿಂತಿತ್ತು, ಮೂತಿ ಮೇಲೆತ್ತಿಕೊಂಡು, ಬಾಲ ನೆಲಕ್ಕೂರಿಕೊಂಡು. ಸತ್ತ ಮನುಷ್ಯನ ಚಪ್ಪಲಿ ಒಂದು ಕಡೆ, ಟವಲು ಇನ್ನೊಂದು ಕಡೆ ಬಿದ್ದಿದ್ದವು. ಇಬ್ಬರು ಪಂಚರ ಎದುರಿಗೆ ಅಶ್ವತ್ಥಪ್ಪ ಪಂಚನಾಮೆ ಬರೆದ. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಎಷ್ಟೋ ಹೆಣ ನೋಡಿದ್ದವನಿಗೂ ಆ ಒಂಟಿ ಚಪ್ಪಲಿಯನ್ನು ನೋಡಲಾಗಲಿಲ್ಲ.

ಪೈಲಟ್ ಮದ್ರಾಸಿನಿಂದ ಬಂದವನು. ಅವನ ಕಣ್ಣುಗಳು ಕೆಂಪಾಗಿದ್ದವು.

"ಎಷ್ಟು ಗಂಟೆಗೆ ಇಳಿದಿರಿ?" ಎಂದು ರಾಮಚಂದ್ರಪ್ಪ ಕೇಳಿದ.

"ಆರೂ ಕಾಲು. ಇಳಿಯುವಾಗ ಆಕಾಶದಲ್ಲಿ ಬೆಳಕಿತ್ತು. ತಿರುಗಿ ಶೆಡ್ಡಿನ ಕಡೆ ಬರುವಾಗ ನೆಲ ಪೂರಾ ಕತ್ತಲು."

"ಎದುರಿಗೆ ಬಂದ ಮನುಷ್ಯ ಕಾಣಲಿಲ್ಲವಾ?"

"ಉರುಳುವಾಗ ಇದರ ಮೂತಿ ಎದುರಿಗೆ ಗೋಡೆ ಥರ ಇರುತ್ತೆ. ಮುಂದೆ ಏನೂ ಕಾಣಲ್ಲ. ಪಕ್ಕದ ದೀಪ ನೋಡಿಕೊಂಡು ಬರಬೇಕು. ಎಡಗಡೆ ತಿರುವಿನ ಲಾಂದ್ರ ಎಲ್ಲಿದೆಯೋ ಅಲ್ಲಿ ತಿರುಗಬೇಕು, ಅದೇ ರೂಲು. ಲಾಂದ್ರ ಕಂಡಿತು, ತಿರುಗಿದೆ."

ರಾಮಚಂದ್ರಪ್ಪ ಚಕ್ರದ ಗುರುತು ಹಿಡಿದು ನಡೆದ. ತಿರುವಿನ ಲಾಂದ್ರ ತನ್ನ ಕಲ್ಲುಕಂಬದ ಮೇಲೆ ಸರಿಯಾಗಿಯೇ ನೇತಾಡುತ್ತಿತ್ತು. ಚಕ್ರದ ಗುರುತು ಮಾತ್ರ ಕಂಬಕ್ಕಿಂತ ಎಷ್ಟೋ ಮೊದಲೇ ಎಡಕ್ಕೆ ತಿರುಗಿ ಹುಲ್ಲಿನೊಳಕ್ಕೆ ಇಳಿದಿತ್ತು. ಪೈಲಟ್ ಸುಳ್ಳು ಹೇಳುತ್ತಿರಬೇಕು, ಇಲ್ಲವೇ ಲಾಂದ್ರ ನಿನ್ನೆ ಸಂಜೆ ಅಲ್ಲಿರಲಿಲ್ಲ.

ದಿನಾ ಆ ಲಾಂದ್ರ ಹಚ್ಚುವವನು ಮುನಿಶಾಮಪ್ಪ. ನಲವತ್ತರ ಆಸುಪಾಸಿನ ಆಳು, ಬಾಡಿದ ಮುಖ. ಅಶ್ವತ್ಥಪ್ಪ ಅವನನ್ನು ಮುಂದೆ ನಿಲ್ಲಿಸಿದ.

"ಲಾಂದ್ರ ಅಚ್ಚಿದ್ದೇನ್ಲಾ?"

"ಅಚ್ಚಿದ್ದೆ ಸಾಮಿ."

"ಎಲ್ಲಿ?"

"ಕಂಬದ ಮೇಲೇಯ."

"ಅಲ್ಲಿಂದ ಯಾರಾದ್ರೂ ತೆಗೆದ್ರಾ?"

"ನಾ ನೋಡ್ನಿಲ್ಲ." ಅಷ್ಟು ಹೇಳಿ ನೆಲ ನೋಡಿದ. ಬೈರಪ್ಪನ ಹೆಸರೆತ್ತಿದ ಕೂಡಲೇ ಗಳಗಳನೆ ಅತ್ತುಬಿಟ್ಟ. ಇಬ್ಬರೂ ಒಂದೇ ಊರಿನವರು, ಒಂದೇ ಎಲೆಯಲ್ಲಿ ಮುದ್ದೆ ತಿಂದವರು ಎಂದು ಪಕ್ಕದಲ್ಲಿದ್ದವರು ಹೇಳಿದರು.

ರಾಮಚಂದ್ರಪ್ಪ ಅವನನ್ನು ಅಲ್ಲಿಗೇ ಬಿಟ್ಟು, ವಿಮಾನದ ಮೂತಿ ಯಾವ ಕಡೆಗಿತ್ತೋ ಆ ಕಡೆಗೇ ನೆಟ್ಟಗೆ ನಡೆದ. ಬಯಲಿನ ಅಂಚಿಗೆ ಮೊಣಕಾಲುದ್ದದ ಬದು. ಬದುವಿನ ಆಚೆ ಊರಿನ ಹಳೆಯ ಮಸಣ. ಬದುವಿಗೆ ಒತ್ತಿಕೊಂಡೇ ಒಂದು ಹೊಸ ಮಣ್ಣಿನ ಗುಡ್ಡೆಯಿತ್ತು, ಮೂರು ಮೊಳ ಉದ್ದವೂ ಇಲ್ಲ. ಅದರ ಮೇಲೆ ಚೆಂಡುಹೂವು, ನೆನೆದ ಪುರಿ, ಕದಡಿದ ಅರಿಶಿನ. ತಲೆಯ ಕಡೆ ಒದ್ದೆ ಮಣ್ಣಿನಲ್ಲಿ ದುಂಡಗೆ ಒಂದು ಅಚ್ಚು ಮೂಡಿತ್ತು.

ರಾಮಚಂದ್ರಪ್ಪ ಕಾಮಸಮುದ್ರದ ಕಡೆಯವನು. ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಸೀಮೆಯಲ್ಲಿ ಎಳೆಯ ಮಕ್ಕಳನ್ನು ಸುಡುವುದಿಲ್ಲ, ಹೂಳುತ್ತಾರೆ. ಒಂಟಿಯಾಗಿ ಮಲಗಿದ ಕೂಸು ಕತ್ತಲಿಗೆ ಹೆದರಬಾರದೆಂದು ಮೂರು ಸಂಜೆ ತಲೆಯ ಹತ್ತಿರ ದೀಪ ಇಡುತ್ತಾರೆ. ಅವನ ತಂಗಿಗೂ ಅಪ್ಪ ಹಾಗೇ ಇಟ್ಟಿದ್ದ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಅಶ್ವತ್ಥಪ್ಪ ಕಂಬದಿಂದ ಲಾಂದ್ರ ಇಳಿಸಿಕೊಂಡು ಬಂದ. ತಳ ತಿರುಗಿಸಿ ನೋಡಿದರೆ ಅರಿಶಿನ ಬೆರೆತ ಮಣ್ಣು ಮೆತ್ತಿಕೊಂಡಿತ್ತು. ಅಚ್ಚಿನ ಮೇಲಿಟ್ಟರೆ ಸರಿಯಾಗಿ ಕೂತಿತು. ಅದನ್ನು ಪಂಚರ ಎದುರಿಗೆ ವಶಪಡಿಸಿಕೊಂಡರು. ಇಂಥ ಕೇಸಿನ ಗಂಟು ಬಿಚ್ಚಿದಾಗ ಆಗುವ ಸಂತೋಷ ಅವತ್ತು ಇಬ್ಬರಿಗೂ ಆಗಲಿಲ್ಲ. ಮಧ್ಯಾಹ್ನ ಆಸ್ಪತ್ರೆಯಿಂದ ಮರಣೋತ್ತರ ಪರೀಕ್ಷೆಯ ವರದಿ ಬಂತು. ಬೈರಪ್ಪನ ಹೊಟ್ಟೆಯಲ್ಲಿ ಹೆಂಡದ ಹನಿಯೂ ಇರಲಿಲ್ಲ.

ನಾಲ್ಕು ಗಂಟೆಗೆ ಮುನಿಶಾಮಪ್ಪನನ್ನು ಠಾಣೆಗೆ ಕರೆಸಿದರು. ಬಾಗಿಲಲ್ಲಿ ಅವನ ಹೆಂಡತಿ ಪಿಳ್ಳಮ್ಮ ಕೂತಳು. ಅವಳು ಅಳುತ್ತಲೂ ಇರಲಿಲ್ಲ.

ರಾಮಚಂದ್ರಪ್ಪ ಲಾಂದ್ರವನ್ನು ಮೇಜಿನ ಮೇಲಿಟ್ಟ. "ಮಗು ಹೆಸರೇನು?"

ಮುನಿಶಾಮಪ್ಪ ತುಟಿ ಕಚ್ಚಿಕೊಂಡ. "ನರಸಮ್ಮ. ನಾಕು ವರ್ಸ. ಸೋಮವಾರ ಜ್ವರ ನೆತ್ತಿಗೇರಿ ಓಯ್ತು. ಗುಣಿ ತೋಡಿದ್ದೂ ಬೈರಪ್ಪನೇ ಸಾಮಿ."

"ಲಾಂದ್ರ ಯಾಕೆ ತೆಗೆದೆ?"

"ಮೊದಲ್ನೇ ಸಂಜೆ ಬುಡ್ಡಿ ಇಟ್ವಿ. ಗಾಳಿಗೆ ಆರೋಯ್ತು. ನಾನ್ ಅಚ್ಚಿದಷ್ಟೂ ಆರೋಯ್ತು. ರಾತ್ರಿಯೆಲ್ಲಾ ಇವಳು, ಕೂಸು ಕತ್ಲಲ್ಲಿ ಅದೆ, ಕೂಸು ಕತ್ಲಲ್ಲಿ ಅದೆ ಅಂತ ಬಡ್ಕೊಂಡ್ಳು. ನಿನ್ನೆ ನಾಕಕ್ಕೆ ಬರೋ ವಿಮಾನ ಬರ್ನಿಲ್ಲ. ಒತ್ತು ಮುಳುಗ್ತು. ಇನ್ನು ಬರಾಕಿಲ್ಲ ಅಂದ್ಕೊಂಡು ತಕ್ಕೊಂಡೋದೆ."

"ಬಂತಲ್ಲ."

"ಬಂತು. ನಮ್ಮ ಕಡೀಕೇ ತಿರುಗ್ತು. ಇವಳು ಗುಡ್ಡೆ ತಬ್ಕೊಂಡು ಬಿದ್ದಿದ್ಲು, ಎಳೆದ್ರೂ ಏಳ್ನಿಲ್ಲ. ಶೆಡ್ಡಿಂದ ಬೈರಪ್ಪ ಅದನ್ನ ನೋಡ್ಬುಟ್ಟ. ಲಾಂದ್ರ ತಕ್ಕೊಳ್ಳಾಕೂ ನಿಲ್ನಿಲ್ಲ ಸಾಮಿ. ಟವಲ್ ಬೀಸ್ಕೊಂಡು, ಕೂಗ್ಕೊಂಡು ಅಡ್ಡ ಓಡ್ಬಂದ."

ರಾಮಚಂದ್ರಪ್ಪ ಕೇಳಿದ. "ಲಾಂದ್ರ ವಾಪಸ್ ಕಂಬಕ್ಕೆ ಹಾಕಿ ಸುಳ್ಳು ಹೇಳಿದೆ. ನಿನ್ನ ಜೀವ ಉಳಿಸಿದವನನ್ನ ಕುಡುಕ ಅಂದರು, ಆಗಲೂ ಬಾಯಿ ಬಿಡಲಿಲ್ಲ. ಯಾಕೆ?"

"ಇನ್ನೊಂದ್ ಸಂಜೆ ಬಾಕಿ ಇತ್ತು ಸಾಮಿ. ಇವತ್ತಿಂದು. ಅದೊಂದು ಮುಗಿದಿದ್ರೆ ನಾನೇ ಬಂದು ಏಳ್ತಿದ್ದೆ. ದೇವರಾಣೆ ಏಳ್ತಿದ್ದೆ."

ಅಜಾಗರೂಕತೆಯಿಂದ ಸಾವಿಗೆ ಕಾರಣನಾದದ್ದು, ಸಾಕ್ಷ್ಯ ಮರೆಮಾಚಿದ್ದು, ಹೀಗೆ ಎರಡು ಕಲಮು ಹಾಕಿ ಐದು ಗಂಟೆಗೆ ಮುನಿಶಾಮಪ್ಪನನ್ನು ದಸ್ತಗಿರಿ ಮಾಡಿದರು. ಬಂಗಾರಪೇಟೆಗೆ ಕರೆದೊಯ್ಯಲು ವ್ಯಾನು ಬರುವುದಿತ್ತು. ಬೈರಪ್ಪನ ಮಣ್ಣು ಮುಗಿಸಿದ ಕದಿರಮ್ಮನಿಗೆ ರಾಮಚಂದ್ರಪ್ಪನೇ ಹೇಳಿಕಳಿಸಿದ್ದ. ಅವಳು ಬಂದು, ಎಲ್ಲವನ್ನೂ ನಿಂತೇ ಕೇಳಿಸಿಕೊಂಡಳು.

"ಕುಡುಕ ಅಲ್ಲ ಅಂತ ಬರೆದ್ರಾ ಸಾಮಿ?"

"ಬರೆದಿದ್ದೀನಮ್ಮ. ಇಬ್ಬರ ಜೀವ ಉಳಿಸೋಕೆ ಓಡಿದ ಅಂತಲೂ ಬರೆದಿದ್ದೀನಿ."

ಅವಳು ಲಾಕಪ್ಪಿನ ಕಂಬಿಗಳ ಹತ್ತಿರ ಹೋದಳು. ಮುನಿಶಾಮಪ್ಪ ಮುಖ ಮುಚ್ಚಿಕೊಂಡ.

"ನಮ್ಮನೇಲಿ ಗಾಳಿಗೆ ಆರದ ಲಾಂದ್ರ ಇತ್ತಲ್ಲೋ ಪಾಪಿ," ಎಂದಳು. "ಒಂದ್ ಮಾತ್ ಕೇಳಿದ್ರೆ ಅವನೇ ತಂದು ಇಡ್ತಿದ್ದ. ಯಾಕೋ ಕೇಳ್ನಿಲ್ಲ?"

"ಎಂಗ್ ಕೇಳ್ಲಿ ಅಕ್ಕಾ? ಸೂತಕದ ಮನೇರು ನಾವು. ಮಕ್ಕಳೊಂದಿಗರ ಮನೆ ದೀಪ ಎಂಗ್ ತರ್ಲಿ? ಕೆಡುಕಾಯ್ತದೆ ಅಂತ ಕಂಪ್ನೀದು ತಕ್ಕೊಂಡೆ."

ಅದು ಸುಳ್ಳಲ್ಲ. ಹೆಣ ಹೊರಟ ಮನೆಯವರು ಇನ್ನೊಬ್ಬರ ಮನೆಯ ಬೆಂಕಿ, ದೀಪ ತರುವುದಿಲ್ಲ. ತಂದರೆ ಕೊಟ್ಟವರ ಮನೆಗೂ ಸಾವು ಹಿಂಬಾಲಿಸುತ್ತದೆಂಬ ಭಯ. ಗೆಳೆಯನ ಮನೆ ಚೆನ್ನಾಗಿರಲಿ ಎಂದೇ ಅವನು ಗೆಳೆಯನ ಬಾಗಿಲಿಗೆ ಹೋಗಿರಲಿಲ್ಲ. ರಾಮಚಂದ್ರಪ್ಪ ಕಿಟಕಿಯ ಕಡೆ ತಿರುಗಿ ನಿಂತ.

ಕದಿರಮ್ಮ ಕ್ಷಮಿಸಿದೆ ಎನ್ನಲಿಲ್ಲ. ಹೊರಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಬಾಗಿಲಲ್ಲಿ ಕೂತಿದ್ದ ಪಿಳ್ಳಮ್ಮನ ಮುಂದೆ ನಿಂತು, ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

"ಏಳು. ಕತ್ಲಾಗ್ತಾ ಅದೆ. ಲಾಂದ್ರ ನಾನ್ ಕೊಡ್ತೀನಿ."

ಪಿಳ್ಳಮ್ಮ ಬೆಚ್ಚಿ ಕೈ ಕೊಸರಿಕೊಂಡಳು. "ಬ್ಯಾಡಕ್ಕಾ, ನಿಮ್ಮನೇದು ಬ್ಯಾಡ."

"ಈಗ ನಮ್ಮನೇಲೂ ಸೂತಕಾನೇ ಕಣೇ," ಎಂದಳು ಕದಿರಮ್ಮ. "ಇನ್ನೇನೂ ಅಡ್ಡಿ ಇಲ್ಲ, ಬಾ."